ಮೂಕನೀರು

ನಮ್ಮ ಮನೆಗೆ ದಿನದ ನೀರು ಬರುತ್ತಿದ್ದುದು ಜಗಳದ ಸಂಗಡ. ಬಾವಿ ಓಣಿಯ ತುದಿಗಿತ್ತು, ಹಗ್ಗ ಜಗ್ಗುವ ಗಡಗಡಿ ಒಂದೇ ಇತ್ತು, ಓಣಿಯ ಹೆಂಗಸರಿಗೆಲ್ಲ ಅದು ಒಂದೇ ಹೊತ್ತಿಗೆ ಬೇಕಾಗುತ್ತಿತ್ತು. ಯಾರ ಕೊಡ ಯಾರ ಕೊಡಕ್ಕೆ ತಾಗಿತು, ಯಾರ ಸೊಸೆ ಯಾರಿಗೆ ಏನಂದಳು, ಯಾರ ಎಮ್ಮೆ ಯಾರ ಹೊಲ ಮೇಯಿತು, ಎಲ್ಲವೂ ಅಲ್ಲೇ ತೀರಬೇಕು. ಅವ್ವ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ಬರುವಾಗಲೂ ಹಿಂದಕ್ಕೆ ತಿರುಗಿ ಉತ್ತರ ಕೊಡುತ್ತಲೇ ಬರುತ್ತಿದ್ದಳು. ನಾನು ಸಣ್ಣ ಕೊಡ ಹೊತ್ತು ಅವಳ ಹಿಂದೆ, ಅವಳು ಮರೆತ ಬೈಗುಳಗಳನ್ನು ನೆನಪು ಮಾಡಿಕೊಡುತ್ತ ಬರುತ್ತಿದ್ದೆ. ಅಪ್ಪನ ಅವ್ವ, ನಮ್ಮ ಆಯಿ, ಹೊಸ್ತಿಲ ಮೇಲೆ ಕೂತು ನಮ್ಮನ್ನು ಕಾಯುತ್ತಿದ್ದಳು.

"ನೀರ ತುಂಬಾಕ ಹೋಗಿದ್ರೊ, ಪಂಚಾಯ್ತಿ ಮಾಡಾಕ ಹೋಗಿದ್ರೊ? ಈ ನೀರಾಗ ಬ್ಯಾಳಿ ಕುದೀತಾವೇನ? ಬರೇ ಬೈಗುಳಾನ ಕುದೀತಾವ."

ನಮ್ಮ ಊರು ಘೋಡಗೇರಿಯಿಂದ ಸ್ವಲ್ಪ ಒಳಗೆ, ಹುಕ್ಕೇರಿ ತಾಲೂಕಿನಲ್ಲಿ. ಮನೆಯ ಬಾಗಿಲು ತಗ್ಗು. ತಲೆ ಬಗ್ಗಿಸದೆ ಬಂದವರಿಗೆ ಅದು ತಾನೇ ಬುದ್ಧಿ ಕಲಿಸುತ್ತಿತ್ತು. ಒಳಗೆ ಕಾಲಿಟ್ಟರೆ ಎಡಕ್ಕೆ ಎತ್ತು ಎಮ್ಮೆ ಕಟ್ಟುವ ಗ್ವಾದಲಿ, ಬಲಕ್ಕೆ ಮೊಣಕಾಲೆತ್ತರದ ಕಟ್ಟೆ ಏರಿದರೆ ಪಡಸಾಲಿ. ರಾತ್ರಿ ಎತ್ತು ಮೆಲುಕು ಹಾಕುವ ಸಪ್ಪಳ ಕೇಳುತ್ತ ನಾವೆಲ್ಲ ಪಡಸಾಲಿಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಅದರಾಚೆ ಅಡಗಿಮನಿ. ಅಲ್ಲಿಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಒಂದು ತೂತಿನಿಂದ ಮಾತ್ರ, ಆ ಬೆಳಕಿನ ಕೋಲು ಒಲೆಯ ಹತ್ತಿರ ಬಂದಾಗ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಎಲ್ಲಕ್ಕೂ ಒಳಗೆ, ಮೂಲೆಯಲ್ಲಿ, ದೇವರ ಮನೆ. ಬಿತ್ತನೆಗೆ ಮುಂಚೆ ಜೋಳ, ಹೆಸರು, ಶೇಂಗಾದ ಬೀಜದ ಬುಟ್ಟಿಗಳನ್ನು ಅಲ್ಲಿ ಸಾಲಾಗಿ ಇಟ್ಟು, ಬೀಜ ಬಿತ್ತುವ ಕೂರಿಗೆಯನ್ನು ತೊಳೆದು ಗೋಡೆಗೆ ಆನಿಸಿ, ಆಯಿ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಆ ಬೀಜಕ್ಕೆ ಬಾವಿಯ ನೀರು ತಾಗಬಾರದು. ಜಗಳದ ನೀರು ಕುಡಿದ ಬೀಜ ಮೊಳಕೆಯಲ್ಲೇ ಒಂದನ್ನೊಂದು ತಿನ್ನುತ್ತದೆ ಎನ್ನುತ್ತಿದ್ದಳು ಆಯಿ. ಅದಕ್ಕೆ ಬೇಕಾದದ್ದು ಮೂಕನೀರು.

ಮೂಕನೀರು ಬರುತ್ತಿದ್ದುದು ಗುಡ್ಡದ ಅಡವಿಯಿಂದ. ಗೋಕಾಕದ ಕಡೆಗೆ ಹಬ್ಬಿದ ಕಲ್ಲುಗುಡ್ಡದ ಒಳಮಡಿಲಲ್ಲಿ ಒಂದು ಹಳೆಯ ಅತ್ತಿಮರ. ಅದರ ಬೇರಿನ ಕೆಳಗೆ ಬಂಡೆ ಸೀಳಿ ನೀರು ಹೊರಬರುತ್ತಿತ್ತು. ನಾವು ಅದಕ್ಕೆ ಅತ್ತಿಬುಗ್ಗಿ ಅನ್ನುತ್ತಿದ್ದೆವು. ಬೇಸಿಗೆಯಲ್ಲೂ ಅದು ಬತ್ತಿದ್ದನ್ನು ನಾನು ಕಂಡಿಲ್ಲ, ಉಕ್ಕಿದ್ದನ್ನೂ ಕಂಡಿಲ್ಲ. ಮೊದಲ ಮಳೆ ಬಿದ್ದು ನೆಲ ಹದವಾಗುವ ಹೊತ್ತಿಗೆ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೋಗಿ, ಬುಗ್ಗಿಯ ಹೂಳು ತೆಗೆದು, ಅಲ್ಲೇ ಅಡಿಗೆ ಮಾಡಿ, ಒಂದು ರಾತ್ರಿ ವಸ್ತಿ ಇರಬೇಕು. ಬೆಳಗಾಗುತ್ತಲೇ ಮದುವೆಯಾಗದ ಒಬ್ಬ ಮನೆಮಗಳು ತಾಮ್ರದ ಕೊಡದಲ್ಲಿ ಆ ನೀರು ತುಂಬಿಕೊಂಡು ಹೊರಡಬೇಕು. ತುಂಬಿದ ಹೊತ್ತಿನಿಂದ ಮನೆಯ ಬೀಜದ ಮೇಲೆ ಚಿಮುಕಿಸುವವರೆಗೆ ಅವಳು ಕೊಡ ನೆಲಕ್ಕೆ ಇಡುವ ಹಾಗಿಲ್ಲ, ಬಾಯಿ ಬಿಡುವ ಹಾಗಿಲ್ಲ. ಕೈಸನ್ನೆ ಮಾಡಬಹುದು. ಮಾತಾಡಿದರೆ ನೀರು ಎಂಜಲಾಯಿತು, ಚೆಲ್ಲಿ ಮತ್ತೆ ಹೋಗಿ ತರಬೇಕು. ಬೀಜಕ್ಕೆ ನೀರು ತಾಗಿದ ಮೇಲೆ "ನೀರು ಬಂತು" ಎಂದು ಅವಳು ಹೇಳುತ್ತಾಳೆ. ಅದು ಮೊದಲ ಮಾತು. ಆಮೇಲೆ ಮನೆಯವರು ಅವಳಿಗೆ ಬೆಲ್ಲ ಕೊಟ್ಟು ಕಾಲು ಮುಟ್ಟುತ್ತಾರೆ, ದೊಡ್ಡವರೂ ಕೂಡ.

ಮೊದಲು ಈ ಕೊಡ ಹೊರುತ್ತಿದ್ದವಳು ಅಪ್ಪನ ತಂಗಿ. ಅವಳ ಲಗ್ನವಾದ ಮೇಲೆ ಪಾಳಿ ನನಗೆ ಬಂತು. ಆಯಿಗೆ ಅನುಮಾನ. ನಾನು ಊರಿಗೇ ಹೆಸರಾದ ಬಾಯಿಬಡಕಿ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದೆ. ತಮ್ಮ ಬಸುವನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಿತ್ತು, ಅಷ್ಟೇ ಕಾರಣ. ಬಸು ನನ್ನ ಟೊಂಕದ ಮೇಲೆಯೇ ಬೆಳೆದವನು, ಇಳಿಸಿದರೆ ಅಳುತ್ತಿದ್ದ, ಹೊತ್ತುಕೊಂಡರೆ ನನ್ನ ಕೂದಲು ಜಗ್ಗುತ್ತಿದ್ದ. ಅವನು ನನ್ನನ್ನು "ಅಕ್ಕಾ" ಎಂದು ಕರೆಯುವಾಗ ಕೊನೆಯ ಅಕ್ಷರವನ್ನು ಎಷ್ಟು ಎಳೆಯುತ್ತಿದ್ದನೆಂದರೆ ಓಣಿಯ ಹುಡುಗರು ಅದನ್ನೇ ಅಣಕಿಸುತ್ತಿದ್ದರು. ಈಗ ಹೇಳುತ್ತಿರುವುದು ನಾನು ಕೊಡ ಹೊತ್ತ ಎರಡನೆಯ ವರ್ಷದ ಸಂಗತಿ. ಮೊದಲ ವರ್ಷ ಹೇಗೋ ಬಾಯಿ ಕಟ್ಟಿಕೊಂಡು ಬಂದಿದ್ದೆ. ಎರಡನೆಯ ವರ್ಷಕ್ಕೆ ಬಸು ತನ್ನ ಕಾಲ ಮೇಲೆ ತಾನು ಗುಡ್ಡ ಹತ್ತಿ ಇಳಿಯುವಷ್ಟು ದೊಡ್ಡವನಾಗಿದ್ದ.

ಆ ವರ್ಷದ ವಸ್ತಿ ನನಗೆ ಚೆನ್ನಾಗಿ ನೆನಪಿದೆ. ಚಕ್ಕಡಿಯನ್ನು ಗುಡ್ಡದ ಬುಡಕ್ಕೆ ಬಿಟ್ಟು, ಎತ್ತುಗಳನ್ನು ಬೇವಿನ ನೆರಳಿಗೆ ಕಟ್ಟಿ, ಪಾತ್ರೆ ಕಂಬಳಿ ಹೊತ್ತುಕೊಂಡು ಏರಿದೆವು. ಅಪ್ಪನೂ ಅವನ ತಮ್ಮ, ನಮ್ಮ ಕಾಕಾನೂ ದೋತರ ಎತ್ತಿ ಕಟ್ಟಿ ಬುಗ್ಗಿಗೆ ಇಳಿದರು. ವರ್ಷದ ಹೂಳು, ಕೊಳೆತ ಅತ್ತಿಎಲೆ, ಒಮ್ಮೊಮ್ಮೆ ಒಂದು ಏಡಿ ಬುಟ್ಟಿಯಲ್ಲಿ ಮೇಲೆ ಬರುತ್ತಿತ್ತು. ನೀರು ಮೊದಲು ಕೆಸರಾಗಿ, ಆಮೇಲೆ ಹಾಲಿನ ಬಣ್ಣವಾಗಿ, ಹೊತ್ತು ಮುಳುಗುವಷ್ಟರಲ್ಲಿ ತಳದ ಉಸುಕು ಕುಣಿಯುವುದು ಕಾಣುವಷ್ಟು ತಿಳಿಯಾಗುತ್ತಿತ್ತು. ಅವ್ವ ಮೂರು ಕಲ್ಲು ಹೂಡಿ ಕಡಬು ಕುದಿಸಿದಳು. ಮೊದಲ ಕಡಬು ಬುಗ್ಗಿಗೆ ಎಡೆ. ಎಡೆಯಾಗುವ ಮುಂಚೆ ಯಾರೂ ಬಾಯಿಗೆ ಹಾಕುವ ಹಾಗಿಲ್ಲ. ನಾನು ಹಾಕಿಕೊಂಡೆ. ಬಿಸಿ ಕಡಬಿನ ಹೂರಣ ಬಾಯೊಳಗೆ ಸುಡುತ್ತಿತ್ತು, ಉಗುಳಲೂ ಆಗದೆ ನುಂಗಲೂ ಆಗದೆ ಅತ್ತಿಮರದ ಹಿಂದೆ ನಿಂತಿದ್ದೆ. ಬಸು ನೋಡಿಬಿಟ್ಟ.

"ಆಯೀ, ಅಕ್ಕ ಕಡಬ ತಿಂದ್ಲು! ದೇವರಕಿಂತ ಮೊದಲ ತಿಂದ್ಲು! ಬಾಯಿ ತಗಸಿ ನೋಡ!"

ಆಯಿ ಬಾಯಿ ತೆಗೆಸಿ ನೋಡಿದಳು. ಕಪಾಳಕ್ಕೆ ಕೊಟ್ಟ ಏಟಿಗೆ ಹೂರಣ ಹೊರಗೇ ಬಂತು. ಕಾಕಾ ನಕ್ಕ, ಅಪ್ಪ ನಕ್ಕ. ಬಸು ಎಲ್ಲರಿಗಿಂತ ಹೆಚ್ಚು ನಕ್ಕ, ನಕ್ಕು ನಕ್ಕು ನೆಲಕ್ಕೆ ಕೂತ.

"ಇಂಥಾ ಹೊಲಸ ಬಾಯಿಗೆ ನಾಳಿ ಮೂಕನೀರ ಹೊರಸಬೇಕಲ್ಲ," ಎಂದಳು ಆಯಿ. "ಬ್ಯಾರೆ ಹುಡಿಗಿ ಇದ್ದಿದ್ರ ನಿನ್ನ ಕಡೆ ಹೊಳ್ಳಿ ನೋಡತಿದ್ದಿಲ್ಲ."

ಸಾಲಿ ಬಿಡಿಸಿದ್ದಕ್ಕೆ ನನಗೆ ಬಸುವಿನ ಮೇಲೆ ಸಿಟ್ಟಿತ್ತು ಎಂದು ಹೇಳಿಕೊಂಡರೆ ಈ ಕತೆ ನನಗೆ ಸ್ವಲ್ಪ ಹಗುರಾಗುತ್ತದೆ. ಬಹಳ ವರ್ಷ ನನ್ನೊಳಗೆ ಹಾಗೆಯೇ ಹೇಳಿಕೊಂಡೆ. ಅದು ಖರೆ ಅಲ್ಲ. ಸಾಲಿಯ ಬಗ್ಗೆ ಆಗ ನನಗೆ ಅಂಥ ದುಃಖವೇನೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಒಂದು ಕಡಬಿಗೆ, ಮತ್ತು ಆ ನಗೆಗೆ.

ಬೆಳಗಾಯಿತು. ಕೊಡ ತುಂಬಿದೆ, ಬಾಯಿ ಕಟ್ಟಿದೆ. ಎತ್ತು ಹೂಡಲು ಅಪ್ಪ ಮೊದಲು ಇಳಿದ. ಕಾಕಾನಿಗೆ ಮನೆಯಲ್ಲಿ ಎಮ್ಮೆ ಹಿಂಡುವ ಅವಸರ, ಅವನು ಹೊಲಗಳ ನಡುವಿನ ಅಡ್ಡದಾರಿ ಹಿಡಿದು ನಡೆದೇ ಹೊರಟ. ಆಯಿಯೂ ಅವ್ವನೂ ಪಾತ್ರೆ ಹೊತ್ತು ಮುಂದೆ, ನಾನು ಅವರಿಂದ ಒಂದು ತಿರುವು ಹಿಂದೆ, ಬಸು ನನ್ನ ಹಿಂದೆ. ಕವಳಿಹಣ್ಣಿನ ಕಾಲ. ದಾರಿಯ ಬಲಕ್ಕೆ ಬಂಡೆಗಳ ಮೇಲೆ ಕವಳಿಯ ಮುಳ್ಳುಪೊದೆಗಳು ಕರಿಹಣ್ಣು ತುಂಬಿಕೊಂಡು ನಿಂತಿದ್ದವು. ಆ ಬಂಡೆಗಳ ನಡುವೆ ಆಳದ ಬಿರುಕುಗಳಿದ್ದವು, ಅಲ್ಲಿಗೆ ಹೋಗಬಾರದೆಂದು ನಾವೆಲ್ಲ ಬಲ್ಲೆವು. ಬಸು ದಾರಿ ಬಿಟ್ಟು ಅತ್ತ ಸರಿದದ್ದನ್ನು ನಾನು ತಿರುಗಿ ನೋಡಿದೆ. ಅವನೂ ನನ್ನನ್ನು ನೋಡಿದ. ನಾನು ಬಯ್ಯಲಾರೆ ಎಂದು ಅವನಿಗೆ ಗೊತ್ತಿತ್ತು. ಹಣ್ಣು ಬಾಯಿಗೆ ಹಾಕಿಕೊಂಡು ಬೇಕೆಂದೇ ನಾಲಿಗೆ ಚಾಚಿ ತೋರಿಸಿದ. ನಾನು ಕಾಲು ಅಪ್ಪಳಿಸಬಹುದಿತ್ತು. ಒಂದು ಕೈಯಲ್ಲಿ ಕೊಡ ಹಿಡಿದು ಇನ್ನೊಂದರಿಂದ ಕಲ್ಲೊಗೆದು ಮುಂದಿದ್ದ ಅವ್ವನನ್ನು ತಿರುಗಿಸಬಹುದಿತ್ತು. ಬೀಳಲಿ, ಮುಳ್ಳು ಚುಚ್ಚಲಿ, ಅಳುತ್ತ ಬರಲಿ ಎಂದುಕೊಂಡು ಮುಂದೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಕಲ್ಲು ಉರುಳಿದ ಸಪ್ಪಳ ಕೇಳಿತು. ಅದರ ಹಿಂದೆಯೇ "ಅಕ್ಕಾ" ಎಂದು ಒಂದು ಕೂಗು. ಅವನು ಎಳೆಯುವ ಹಾಗೆ ಎಳೆದ ಕೂಗಲ್ಲ ಅದು. ಅರ್ಧಕ್ಕೇ ನಿಂತಿತು. ನಾನು ನಿಂತೆ. ಕೊಡದ ನೀರು ತುಳುಕದ ಹಾಗೆ ನಿಂತೆ. ಮತ್ತೆ ಕೂಗು ಬರಲಿಲ್ಲ. ಆಟ ಹೂಡಿದ್ದಾನೆ, ನನ್ನ ಬಾಯಿ ಬಿಡಿಸಲು ನೋಡುತ್ತಿದ್ದಾನೆ ಎಂದುಕೊಂಡೆ. ಹಾಗೆಂದು ನಂಬಿದ್ದೆನೋ, ನಂಬಲು ಬೇಕಾಗಿತ್ತೋ, ಇಂದಿಗೂ ನನಗೆ ಬಿಡಿಸಿ ಹೇಳಲಾಗುವುದಿಲ್ಲ. ನಡೆದುಬಿಟ್ಟೆ.

ಚಕ್ಕಡಿಯ ಹತ್ತಿರ ಅವ್ವ ನನ್ನ ಹಿಂದೆ ನೋಡಿದಳು.

"ಬಸು ಎಲ್ಲಿ?"

ಮಾತು ಬೇಕಿರಲಿಲ್ಲ. ಕೈ ಹಿಂದಕ್ಕೆ, ಗುಡ್ಡದ ಕಡೆ ತೋರಿಸಿದ್ದರೆ ಸಾಕಿತ್ತು, ಅದಕ್ಕೆ ಕಟ್ಟಳೆಯ ಅಡ್ಡಿ ಇರಲಿಲ್ಲ. ಆದರೆ ಹಾಗೆ ತೋರಿಸಿದರೆ ಅವನನ್ನು ಯಾಕೆ ಬಿಟ್ಟು ಬಂದೆ ಎಂದು ಕೇಳುತ್ತಾರೆ. ನನ್ನ ಕೈ ಎದ್ದು ಎಡಕ್ಕೆ, ಕಾಕಾ ಹೋದ ಅಡ್ಡದಾರಿಯ ಕಡೆ ತೋರಿಸಿತು. ಬಸು ಯಾವಾಗಲೂ ಕಾಕಾನ ಹೆಗಲೇರಿ ಹೋಗಲು ಹಟ ಮಾಡುವವನು, ಅವ್ವ ನಂಬಿದಳು. "ಅವನ ಹೆಗಲಂತೂ ಈ ಹುಡುಗನ ಕುದರಿ ಆಗೇತಿ," ಎಂದು ಬೈದುಕೊಂಡು ಚಕ್ಕಡಿ ಹತ್ತಿದಳು. ನಾನೂ ಹತ್ತಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡೆ.

ಮನೆಯ ಬಾಗಿಲಲ್ಲಿ ಕಾಕಾ ಹಾಲಿನ ಚರಿಗೆ ಹಿಡಿದು ಗ್ವಾದಲಿಯಿಂದ ಹೊರಬಂದ. ಒಬ್ಬನೇ.

"ಬಸು ಎಲ್ಲಿ, ಮಲಗಿಸಿದೇನು?" ಅವ್ವ ಕೇಳಿದಳು.

"ನನ್ನ ಕೂಡ ಎಲ್ಲಿ ಬಂದಾನ್ರಿ ವೈನಿ? ನಿಮ್ಮ ಸಂಗಾಟ ಇದ್ನಲ್ಲ?"

ಅವ್ವ ನನ್ನ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ ನನ್ನ ತೋಳು ಹಿಡಿದು ಒಳಗೆ ನೂಕಿದಳು.

"ಮೊದಲ ನೀರ ಮುಟ್ಟಸ! ಆಮ್ಯಾಲ ಮಾತ!"

ಪಡಸಾಲಿ ದಾಟಿ, ಅಡಗಿಮನಿ ದಾಟಿ, ದೇವರ ಮನೆಗೆ ಹೋಗಿ, ಒಂದೊಂದು ಬುಟ್ಟಿಗೂ ನೀರು ಚಿಮುಕಿಸಿದೆ. ಕೂರಿಗೆಗೆ ಚಿಮುಕಿಸಿದೆ. "ನೀರು ಬಂತು" ಎಂದೆ. ಅದರ ನಂತರ, "ಕವಳಿಗಿಡದ ಬಂಡೆಗಲ್ಲಿನ ಹತ್ರ ಇದ್ದ" ಎಂದೆ. ಈ ಎರಡು ಮಾತುಗಳನ್ನು ನಾನು ಹೇಳಿದ ಕ್ರಮ ಇದೇ.

ಅವನು ಸಿಕ್ಕಾಗ ಹೊತ್ತು ನೆತ್ತಿ ದಾಟಿತ್ತು. ಎರಡು ಬಂಡೆಗಳ ನಡುವೆ ಎಡಗಾಲು ಸಿಕ್ಕು, ಎಲುಬು ಮುರಿದು, ಕೂಗಿ ಕೂಗಿ ದನಿ ಉಡುಗಿ ಬಿದ್ದಿದ್ದ. ಕೈಯಲ್ಲಿ ಕವಳಿಹಣ್ಣು ಜಜ್ಜಿ ಹೋಗಿತ್ತು, ಅದರ ಬಣ್ಣವನ್ನು ಅಪ್ಪ ರಕ್ತವೆಂದು ತಿಳಿದು ನೆಲಕ್ಕೆ ಕುಸಿದನಂತೆ. ಆಗಿನ ಕಾಲಕ್ಕೆ ದವಾಖಾನೆಗೆ ಒಯ್ಯುವ ಬುದ್ಧಿ ಯಾರಿಗೂ ಬರಲಿಲ್ಲ. ಎಲುಬು ಕಟ್ಟುವವನನ್ನು ಕರೆಸಿ ಬಿದಿರ ಪಟ್ಟಿ ಕಟ್ಟಿಸಿದರು. ಕಾಲು ಕೂಡಿತು, ಗಿಡ್ಡಾಗಿ ಕೂಡಿತು.

ನನ್ನನ್ನು ಯಾರೂ ಬಯ್ಯಲಿಲ್ಲ. ನನಗೆ ಬೆಲ್ಲ ಕೊಟ್ಟರು. ಆಯಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಹೇಳಿದಳು:

"ತಮ್ಮ ಬಿದ್ದಾನ, ಕೂಸು ಒಳಗೊಳಗ ಕುದ್ದೈತಿ, ಆದ್ರೂ ಬಾಯಿ ಬಿಟ್ಟಿಲ್ಲ. ಆಕಿ ಬಾಯಿ ಕಟ್ಟಿದ್ದಕ್ಕ ಬುಗ್ಗಿ ನನ್ನ ಮೊಮ್ಮಗನ್ನ ಉಳಿಸಿ ಕೊಟ್ಟೈತಿ."

"ಮತ್ತ ಅವರವ್ವ ಕೇಳಿದಾಗ ಕೈ ಸನ್ನಿ ಮಾಡಿದ್ಲಂತಲ್ಲ?" ಎಂದಳು ಅವರಲ್ಲೊಬ್ಬಳು.

"ಮಾಡಿದ್ಲು. ಮೂಕ ಹುಡಿಗಿ ಕೈ ಯಾ ಕಡೆ ಮಾಡಿತು ಅನ್ನೂದು ತಿಳೀಲಿಲ್ಲ ನನ್ನ ಸೊಸಿಗೆ. ಹಡದಕಿ ಅಂತ ಹಡದಕಿ!"

ಅವ್ವ ಒಲೆಯ ಮುಂದೆ ಕೂತಿದ್ದಳು. ಮಾತು ಕೇಳಿಸುವಷ್ಟು ಹತ್ತಿರವೇ ಇದ್ದಳು. ಬಾವಿಯ ದಂಡೆಯಲ್ಲಿ ಒಬ್ಬರಿಗೂ ಮಾತು ಬಾಕಿ ಇಡದವಳು ಅಂದು ರೊಟ್ಟಿ ತಿರುವಿ ಹಾಕಿದಳು, ಅಷ್ಟೇ.

ಅಂದಿನಿಂದ ನಾನು ಬೇರೆ ಹುಡುಗಿಯಾದೆ. ಮಾತು ಕಡಿಮೆಯಾಯಿತು. ಜನ ಅದನ್ನು ಗಂಭೀರ ಅಂದರು. ಮಾತಾಡಿದರೆ ಎಲ್ಲಿ ಜಾರಿ ಬೀಳುತ್ತದೋ ಎಂಬ ಹೆದರಿಕೆ ಅದು. ಮೂಕನೀರಿನ ಹುಡುಗಿ ಎಂದು ಸುತ್ತಲಿನ ಊರುಗಳಲ್ಲಿ ಹೆಸರಾಯಿತು. ಮೂಡಲಗಿಯ ಕಡೆಯವರು ಸಂಬಂಧ ಕೇಳಿಕೊಂಡು ಬಂದಾಗ ಹುಡುಗಿಯ ಬಣ್ಣ ಕೇಳಲಿಲ್ಲ, ಸಾಲಿ ಕೇಳಲಿಲ್ಲ, "ಬಾಯಿ ಕಟ್ಟಿ ತಮ್ಮನ್ನ ಉಳಿಸಿದಾಕಿ ಈಕೀನ ಹೌದಲ್ರಿ?" ಎಂದಷ್ಟೇ ಕೇಳಿದರು. ಅತ್ತೆಯ ಮನೆಯಲ್ಲಿ ನಾನು ಬಂದ ವರ್ಷದಲ್ಲೇ ಬೀಗದ ಕೈ ನನಗೆ ಕೊಟ್ಟರು. ಯಾರದೇ ಗುಟ್ಟಿದ್ದರೂ ನನ್ನ ಹತ್ತಿರ ತಂದು ಹೇಳುತ್ತಿದ್ದರು. ನನ್ನ ಬದುಕಿನ ಮರ್ಯಾದೆಯೆಲ್ಲ ನಿಂತದ್ದು ತಮ್ಮನ ಗಿಡ್ಡ ಕಾಲಿನ ಮೇಲೆ.

ಬಸು ಹೊಲದ ಕೆಲಸಕ್ಕೆ ಆಗಲಿಲ್ಲ. ಘಟಪ್ರಭಾದಲ್ಲಿ ಒಬ್ಬರ ಹತ್ತಿರ ಹೊಲಿಗೆ ಕಲಿತು, ಸ್ಟೇಶನ್ ರಸ್ತೆಯ ಸಂದಿಯಲ್ಲಿ ಅಂಗಡಿ ಹಾಕಿದ. ಬಲಗಾಲೊಂದರಿಂದಲೇ ಮಶಿನ್ ತುಳಿಯುತ್ತಿದ್ದ, ಈಗ ಮೋಟಾರು ಕೂಡಿಸಿಕೊಂಡಿದ್ದಾನೆ. ನನ್ನ ಜಂಪರುಗಳನ್ನೆಲ್ಲ ಅವನೇ ಹೊಲಿಯುವುದು, ಅಳತೆ ತೆಗೆಯದೆ. ಪಂಚಮಿಗೆ ನಾನು ತವರಿಗೆ ಹೋದರೆ ಮೊದಲು ನನ್ನ ಕಾಲು ಮುಟ್ಟುತ್ತಾನೆ. ಬೇಡವೆಂದರೆ ಕೇಳುವುದಿಲ್ಲ.

"ನಿನ್ನ ಬಾಯಿ ಕಟ್ಟಿ ನನ್ನ ಜೀವಾ ಕಾದಿ. ಮುಟ್ಟಲಿ ಬಿಡ ಅಕ್ಕಾ."

ಅವ್ವನ ಸಂಗಡ ಅವನು ಹೀಗಿರಲಿಲ್ಲ. ಚಳಿಗಾಲದಲ್ಲಿ ಕಾಲು ಸೆಳೆಯುವಾಗ ಅವ್ವ ಔಡಲೆಣ್ಣೆ ಕಾಸಿ ತಿಕ್ಕುತ್ತಿದ್ದಳು. ತಿಕ್ಕಿಸಿಕೊಳ್ಳುತ್ತಲೇ ಅವನು ಚುಚ್ಚುತ್ತಿದ್ದ:

"ಒಂದ ಕೈ ಸನ್ನಿ ತಿಳಕೊಂಡಿದ್ರ ನಿನಗ ಈ ಎಣ್ಣಿ ಖರ್ಚ ಇರತಿದ್ದಿಲ್ಲ."

ಅವ್ವ ತಿಕ್ಕುತ್ತಲೇ ಇರುತ್ತಿದ್ದಳು. ಸಾಯುವ ವರ್ಷದವರೆಗೂ ತಿಕ್ಕಿದಳು, ಅವನು ಆ ವರ್ಷದವರೆಗೂ ಆ ಮಾತನ್ನು ಹೇಳಿದ. ನಾನು ಎಷ್ಟೋ ಸಲ ಅಲ್ಲೇ ಕೂತು ಕೇಳಿದ್ದೇನೆ. ಕಾಳು ಹಸನು ಮಾಡುತ್ತ, ಹೂಬತ್ತಿ ಹೊಸೆಯುತ್ತ.

ಈ ವರ್ಷ ಮೊದಲ ಮಳೆಗೆ ಬಸು ಫೋನು ಮಾಡಿದ. ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಲ್ಲದೆ ಮೂಕನೀರು ನಿಂತುಹೋಗಿ ಬಹಳ ಕಾಲವಾಗಿತ್ತು. ಅವನ ಮಗ ಟೆಂಪೋದಲ್ಲಿ ಹೋಗಿ ಕ್ಯಾನಿನಲ್ಲಿ ನೀರು ತಂದು ಬೀಜಕ್ಕೆ ಹಾಕುತ್ತಿದ್ದ.

"ಈ ಸಲ ವಸ್ತಿ ಹೋಗೂಣು ಅಕ್ಕಾ. ಹೊಸ ಸೊಸಿ ಬಂದಾಳ, ಆಕಿಗೂ ತೋರಿಸೂಣು. ಕೊಡಾ ನೀನ ಹೊರು."

"ನಾ ಲಗ್ನಾದಕಿ, ಮೊಮ್ಮಕ್ಕಳನ್ನ ಕಂಡಾಕಿ. ನಾ ಹ್ಯಾಂಗ ಹೊರಲಿ?"

"ಮನಿಮಗಳಂತೂ ಹೌದಲ್ಲ? ನಿನಗಿಂತ ಬಾಯಿ ಕಟ್ಟಿದಾಕಿ ಯಾರ ಅದಾಳ?"

ಹೋದೆ. ದಾರಿ ಈಗ ಬುಡದವರೆಗೆ ಡಾಂಬರು. ಬಸು ಕೋಲೂರಿ ಏರಿದ, ನಾನೂ ಕೂತು ಕೂತು ಏರಿದೆ. ಅತ್ತಿಮರದ ಅರ್ಧ ಒಣಗಿದೆ. ಬುಗ್ಗಿಯ ಸುತ್ತ ಯಾರೋ ಒಗೆದು ಹೋದ ಬಾಟಲಿ, ಪಾಕೀಟು. ನೀರು ಮಾತ್ರ ಅಷ್ಟೇ, ಅದೇ ತಣ್ಣಗೆ. ಬಸುವಿನ ಹೆಂಡತಿ ಶಾಂತಾ ಒಲೆ ಹೂಡಿದಳು. ಮಗನೂ ಸೊಸೆಯೂ ತಾಡಪತ್ರಿ ಕಟ್ಟಿದರು. ಬಸು ಬಂಡೆಯ ಮೇಲೆ ಕೂತು ಕಾಲು ನೀರಿಗೆ ಬಿಟ್ಟು, ಹೂಳು ಬಾಚುತ್ತ ಸೊಸೆಗೆ ಆ ಕತೆ ಹೇಳಿದ. ಆಯಿ ಹೇಳುತ್ತಿದ್ದ ಮಾತುಗಳಲ್ಲೇ ಹೇಳಿದ. ಆ ಹುಡುಗಿ ಎದ್ದು ಬಂದು ನನ್ನ ಕಾಲು ಮುಟ್ಟಿದಳು. ಆಮೇಲೆ ಗಂಡಹೆಂಡತಿ ಕಟ್ಟಿಗೆ ಆರಿಸಲು ಹೋದರು. ಶಾಂತಾ ಒಲೆಯ ಹೊಗೆಯಲ್ಲಿದ್ದಳು. ಹೂಳಿನ ಬುಟ್ಟಿ ನಮ್ಮಿಬ್ಬರ ನಡುವೆ ಇತ್ತು.

"ನಾಳಿ ಕೊಡಾ ನಾ ಹೊರೂದಿಲ್ಲ ಬಸು," ಎಂದೆ.

"ಯಾಕ, ಟೊಂಕ ನೋಯತೈತೇನ?"

"ಅವತ್ತ ನೀ ಕವಳಿ ಬಂಡೆಗಲ್ಲ ಹತ್ತಿದ್ದು ನಾ ನೋಡಿದ್ದೆ. ನೋಡಿ ಬಂದೆ."

"ಗೊತ್ತೈತಿ. ನಿನಗ ಮಾತಾಡಾಕ ಬರತಿದ್ದಿಲ್ಲ."

"ನೀ ಕರದದ್ದೂ ಕೇಳಿತ್ತು."

ಅವನ ಕೈ ನೀರೊಳಗೆ ನಿಂತಿತು.

"ಅವ್ವ ಕೇಳಿದಾಗ ನಾ ಹಿಂದ ಕೈ ಮಾಡಲಿಲ್ಲ. ಕಾಕಾನ ದಾರಿಗೆ ಮಾಡಿದೆ. ಅವ್ವ ತಪ್ಪ ತಿಳಕೊಳ್ಳಲಿಲ್ಲ. ನಾ ತಪ್ಪ ತೋರಿಸಿದೆ. ಬೇಕಂತ ತೋರಿಸಿದೆ."

ಕೈಯಲ್ಲಿದ್ದ ಹೂಳನ್ನು ಬುಟ್ಟಿಗೆ ಹಾಕಿ ಕೇಳಿದ:

"ಯಾಕ?"

"ಮುಂಚಿನ ದಿನ ನೀ ಕಡಬಿಂದು ಹೇಳಿದ್ದಿ. ನಕ್ಕಿದ್ದಿ."

"ಕಡಬು," ಎಂದ. ಅವನಿಗೆ ಅದು ನೆನಪೇ ಇರಲಿಲ್ಲ. ಹುಡುಕಿಕೊಳ್ಳುವವನ ಹಾಗೆ ಅತ್ತಿಮರವನ್ನೂ ಒಲೆಯನ್ನೂ ನನ್ನ ಮುಖವನ್ನೂ ನೋಡಿದ. ಆಮೇಲೆ ಬಗ್ಗಿ ಹೂಳು ಬಾಚತೊಡಗಿದ. ಬುಟ್ಟಿ ತುಂಬಿದ ಮೇಲೂ ಬಾಚುತ್ತಿದ್ದ. ನಾನು ಅಳಲಿಲ್ಲ. ಅತ್ತರೆ ಅವನು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅದೊಂದನ್ನಾದರೂ ಅವನಿಂದ ಕೇಳಬಾರದು ಎಂದು ಹಲ್ಲು ಕಚ್ಚಿ ಕೂತೆ.

ಬೆಳಿಗ್ಗೆ ಶಾಂತಾ ಕೊಡ ತೊಳೆದು ತಂದು ನನ್ನ ಮುಂದೆ ಹಿಡಿದಳು. ಬಸು ಅದನ್ನು ತನ್ನ ಕೈಗೆ ತೆಗೆದುಕೊಂಡ. ತುಂಬಿದ, ಹೆಗಲ ಮೇಲೆ ಇಟ್ಟುಕೊಂಡ. "ಏನ್ರಿ ಇದು, ಗಂಡಸರು ಹೊರತಾರೇನ? ನಿಮ್ಮ ಕಾಲಾರ ನೋಡಕೋರಿ!" ಎಂದು ಶಾಂತಾ ಕೂಗಿದರೂ ಮಾತಿಲ್ಲ. ಮಗ ಕೈ ಹಿಡಿಯಲು ಬಂದರೆ ಕೋಲಿನಿಂದ ಸರಿಸಿದ. ಅವನು ಇಳಿದ, ನಾನು ಹಿಂದೆ ಇಳಿದೆ. ಗಿಡ್ಡ ಕಾಲು ಊರಿದಾಗಲೆಲ್ಲ ಕೊಡ ಓಲಾಡಿ ನೀರು ಅವನ ಅಂಗಿಯ ಬೆನ್ನಿಗೆ ಬೀಳುತ್ತಿತ್ತು. ಕವಳಿಯ ಬಂಡೆಗಳು ಬಂದವು. ಅವನು ಅತ್ತ ನೋಡಲಿಲ್ಲ, ನಿಲ್ಲಲೂ ಇಲ್ಲ. ಟೆಂಪೋದಲ್ಲಿ ನನ್ನ ಎದುರಿಗೇ ಕೊಡ ಅಪ್ಪಿಕೊಂಡು ಕೂತಿದ್ದ. ಅವನು ಕಟ್ಟಳೆಗಾಗಿ ಬಾಯಿ ಕಟ್ಟಿದ್ದನೋ, ನನ್ನ ಸಂಗಡ ಮಾತು ಬಿಟ್ಟಿದ್ದನೋ, ಮನೆ ಬರುವವರೆಗೂ ನನಗೆ ತಿಳಿಯುವ ಹಾಗಿರಲಿಲ್ಲ. ಅಷ್ಟು ಉದ್ದದ ದಾರಿಯನ್ನು ನಾನು ಬೇರೆಂದೂ ಕಂಡಿಲ್ಲ.

ದೇವರ ಮನೆಯಲ್ಲಿ ಬೀಜಕ್ಕೆ ನೀರು ಚಿಮುಕಿಸಿದ. "ನೀರು ಬಂತು" ಎಂದ. ಸೊಸೆ ಬೆಲ್ಲ ಹಿಡಿದು ನಿಂತಿದ್ದಳು. ಅದನ್ನು ತೆಗೆದುಕೊಳ್ಳದೆ ನನ್ನ ಕಡೆ ತಿರುಗಿದ.

"ಯಾವ ಬಸ್ಸಿಗೆ ಹೋಗತಿ ಅಕ್ಕಾ?"

ತವರಿಗೆ ಬಂದ ಹೆಣ್ಣುಮಗಳಿಗೆ ನಮ್ಮ ಕಡೆ ಈ ಮಾತನ್ನು ಯಾರೂ ಕೇಳುವುದಿಲ್ಲ. ಅವಳೇ ಹೊರಡುತ್ತೇನೆಂದರೂ ಚೀಲ ಕಸಿದುಕೊಂಡು ಎರಡು ದಿನ ನಿಲ್ಲಿಸಿಕೊಳ್ಳುತ್ತಾರೆ. ಶಾಂತಾ ಗಾಬರಿಯಾದಳು.

"ಎಂಥಾ ಮಾತ ಆಡತೀರಿ! ಅಕ್ಕಾರ, ಒಂದ ವಾರ ಇರಬೇಕ ನೀವು, ಎಲ್ಲೂ ಹೋಗಂಗಿಲ್ಲ."

"ಮಧ್ಯಾಹ್ನದ ಬಸ್ಸಿಗೆ," ಎಂದೆ ನಾನು ಬಸುವಿಗೆ.

ಚೀಲವನ್ನು ಅವನೇ ಹೊತ್ತು ಬಸ್ ನಿಲ್ಲುವ ಕಟ್ಟೆಯವರೆಗೆ ಬಂದ. ಇಬ್ಬರೂ ಕೂತೆವು. ಬಿತ್ತುವ ದಿನಗಳು, ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ಬಸ್ಸು ತಿರುವಿನಲ್ಲಿ ಕಂಡಾಗ ಅವನು ಕೇಳಿದ, ನನ್ನನ್ನು ನೋಡದೆ:

"ಅವ್ವಗ ಗೊತ್ತಿತ್ತೇನ?"

ಅವನು ಬೇರೆ ಏನನ್ನು ಕೇಳಿದ್ದರೂ ನಾನು ಸಿದ್ಧಳಿದ್ದೆ. ರಾತ್ರಿಯೆಲ್ಲ ಅವನು ಕುದ್ದದ್ದು ತನ್ನ ಕಾಲಿಗಲ್ಲ, ಎಣ್ಣೆ ತಿಕ್ಕುವ ಅವ್ವನಿಗೆ ಆಡಿದ ಮಾತುಗಳಿಗೆ ಎಂದು ಆಗ ತಿಳಿಯಿತು. ಅವನ ಮುಖ ನೋಡಿದೆ. ಇಲ್ಲ ಅನ್ನು ಎಂದು ಆ ಮುಖ ಬೇಡುತ್ತಿತ್ತು.

"ಇಲ್ಲ," ಎಂದೆ. "ಅವ್ವ ತಾನ ತಪ್ಪ ತಿಳಕೊಂಡೇನಿ ಅಂತ ನಂಬಿದ್ಲು."

ಅವನು ಉಸಿರು ಬಿಟ್ಟ. ಚೀಲ ಎತ್ತಿ ಬಸ್ಸಿನೊಳಗೆ ಇಟ್ಟ. ಕಿಟಕಿಯ ಹತ್ತಿರ ಬಂದು, "ಮುಟ್ಟಿದ ಮ್ಯಾಲ ಫೋನ್ ಮಾಡು" ಎಂದ. ನನಗೆ ಅಷ್ಟು ಸಾಕಿತ್ತು. ಅಷ್ಟಕ್ಕಾಗಿಯೇ ಹಾಗೆ ಹೇಳಿದ್ದೆನೋ ಏನೋ.

ನನ್ನ ಲಗ್ನದ ಮುಂಚಿನ ದಿನ ಅವ್ವ ನನ್ನ ತಲೆ ಬಾಚುತ್ತಿದ್ದಳು. ಅಡಗಿಮನಿಯಲ್ಲಿ ನಾವಿಬ್ಬರೇ. ಹೆಣಲು ಹಾಕಿ ಮುಗಿಸಿ, ನನ್ನ ಬಲಗೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ಈ ಕೈ ಯಾ ಕಡೆ ಮಾಡಿತ್ತು ಅನ್ನೂದು ನಾ ಬರೋಬ್ಬರಿ ನೋಡೇನಿ," ಎಂದಳು. "ಯಾರ ಮುಂದೂ ಹೇಳಬ್ಯಾಡ. ಅಂವಗ ಒಬ್ಬಾಕಿ ಅಕ್ಕನರ ಉಳೀಲಿ."

ಅವಳ ಮಾತು ಮೀರಿ ಬರೆಯುತ್ತಿದ್ದೇನೆ. ಬಸು ಓದು ಬಲ್ಲವನು, ಇದು ಅವನ ಕೈಗೆ ಹೋಗುತ್ತದೆ. ನಾನು ಅವನಿಗೆ ಇಲ್ಲದ ಅಕ್ಕನೊಬ್ಬಳನ್ನು ಇಷ್ಟು ವರ್ಷ ಕೊಟ್ಟು, ಇದ್ದ ಅವ್ವನನ್ನು ಕಸಿದುಕೊಂಡಿದ್ದೆ. ಕಟ್ಟೆಯ ಮೇಲೆ ಅವನು ಕೇಳಿದ ಮಾತಿಗೆ ಉತ್ತರ ಇಲ್ಲಿದೆ.

ಗೊತ್ತಿತ್ತು ಬಸು. ಅವ್ವಗ ಎಲ್ಲಾ ಗೊತ್ತಿತ್ತು.